ತ್ರಿವೇಣಿಯವರ ‘ಶರಪಂಜರ’: ಹುಷಾರಾಗಿ ಮನೆಗೆ ಬಂದವಳ ಕಥೆ

ಸಿನಿಮಾ ನೋಡಿದ್ದೇನಲ್ಲ, ಇನ್ನು ಪುಸ್ತಕ ಯಾಕೆ ಅಂತ ಇಷ್ಟು ವರ್ಷ ಸುಮ್ನೆ ಇದ್ದೆ. ‘ಶರಪಂಜರ’ ಅಂದ ಕೂಡಲೇ ಯಾರಿಗೇ ಆದರೂ ಕಣ್ಣ ಮುಂದೆ ಬರುವುದು ಕಲ್ಪನಾ, ಅಲ್ವಾ? 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಹಾಡುಗಳನ್ನ ನಮ್ಮಮ್ಮ ಈಗಲೂ ಪಾತ್ರೆ ತೊಳೆಯುತ್ತಾ ಗುನುಗುತ್ತಾರೆ. ಹಾಗಾಗಿ ಕಥೆಯೆಲ್ಲ ಗೊತ್ತು ಅನ್ನುವ ಧೈರ್ಯ ನನಗೆ. ಹೋದ ತಿಂಗಳು ಲೈಬ್ರರಿಯಲ್ಲಿ ಬೇರೇನೋ ಹುಡುಕುವಾಗ ಇದು ಕೈಗೆ ಸಿಕ್ಕಿತು, ಎರಡು ಪುಟ ನೋಡಿ ಇಡೋಣ ಅಂತ ನಿಂತಲ್ಲೇ ಶುರು ಮಾಡಿದೆ. ಮನೆಗೆ ತಂದು ಎರಡು ರಾತ್ರಿಯಲ್ಲಿ ಮುಗಿಸಿದೆ. ಮೂರನೇ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣ ಪುಸ್ತಕ ಅರ್ಧ, ನಾನು ಅರ್ಧ. ಅದನ್ನ ಆಮೇಲೆ ಹೇಳುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ. ಇಷ್ಟು ಹಳೆಯ ಕಥೆಗೆ ಕೊನೆ ಹೇಳಬೇಡಿ ಅಂತ ಯಾರೂ ಬೈಯುವುದಿಲ್ಲ ಅಂದುಕೊಂಡಿದ್ದೇನೆ. ಕಾವೇರಿ ಚೆಲುವೆ, ಓದಿದವಳು, ಮೆಚ್ಚಿದವನನ್ನೇ ಮದುವೆಯಾದವಳು. ಚೆನ್ನಾಗಿಯೇ ಇದ್ದ ಸಂಸಾರ. ಹೆರಿಗೆಯಾದ ಮೇಲೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಆಗುತ್ತದೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ಡಾಕ್ಟರು ಹುಷಾರಾಗಿದ್ದಾಳೆ ಅಂದರೂ ಮನೆಯವರು ಒಪ್ಪುವುದಿಲ್ಲ. ಬಾಯಲ್ಲಿ ಒಪ್ಪುತ್ತಾರೆ, ಕಣ್ಣಲ್ಲಿ ಒಪ್ಪುವುದಿಲ್ಲ. ಅಡುಗೆಮನೆಯಿಂದ ಹಿಡಿದು ಪಕ್ಕದ ಮನೆಯವರೆಗೆ ಎಲ್ಲರೂ ಅವಳನ್ನು ಕಾಯುತ್ತಿರುತ್ತಾರೆ, ಈಗ ಏನೋ ಮಾಡುತ್ತಾಳೆ, ಇನ್ನೇನು ಮಾಡುತ್ತಾಳೆ ಅಂತ. ಗಂಡ ದೂರವಾಗುತ್ತಾನೆ, ಅವನಿಗೆ ಇನ್ನೊಬ್ಬಳು ಇದ್ದಾಳೆ ಅಂತ ತಿಳಿಯುತ್ತದೆ. ಕಾವೇರಿ ಮತ್ತೆ ಆಸ್ಪತ್ರೆಗೇ ವಾಪಸ್. ಅಷ್ಟೇ ಕಥೆ.

ಇದರಲ್ಲಿ ಕಾಯಿಲೆಯ ಭಾಗ ಜಾಸ್ತಿ ಇಲ್ಲ ನೋಡಿ. ನಾನು ಸಿನಿಮಾ ನೆನಪಲ್ಲಿ ಓದಲು ಕೂತವಳು, ಹುಚ್ಚಿನ ಕಥೆ ಅಂದುಕೊಂಡಿದ್ದೆ. ಓದಿದ್ದು ವಾಸಿಯಾದವಳ ಕಥೆ. ಕಾಯಿಲೆ ಬಂದಾಗ ಅವಳಿಗೆ ಒಂದು ಹಾಸಿಗೆ ಇತ್ತು, ಡಾಕ್ಟರು ಇದ್ದರು, ಔಷಧಿ ಇತ್ತು. ವಾಸಿಯಾದ ಮೇಲೆ ಏನೂ ಇಲ್ಲ. ಒಂದು ಮನೆ ಇದೆ, ಆ ಮನೆಯಲ್ಲಿ ಅವಳಿಗೆ ದಿನಾ ಪರೀಕ್ಷೆ. ಪ್ರಶ್ನೆಪತ್ರಿಕೆ ತೋರಿಸುವುದಿಲ್ಲ, ಫೇಲ್ ಅಂತ ಮಾತ್ರ ಹೇಳುತ್ತಾರೆ.

ಆ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ ಅಂತ ಯೋಚಿಸಿ. ಗಂಡಸಿಗೆ ಇಂಥ ಕಾಯಿಲೆ ಬಂದು ಹೋದರೆ ಮತ್ತೆ ಕೆಲಸಕ್ಕೆ ಹೋಗುತ್ತಾನೆ, ಸಂಬಳ ತರುತ್ತಾನೆ, ಸರಿಯಾದ ಅಂತ ಅರ್ಥ. ಅದೂ ಸುಲಭ ಅಂತ ಹೇಳುತ್ತಿಲ್ಲ. ಆದರೆ ಹೆಂಗಸು ಸರಿಯಾಗಿದ್ದಾಳೆ ಅನ್ನುವುದಕ್ಕೆ ಅಳತೆಗೋಲು ಬೇರೆಯೇ ಇದೆ. ಅಡುಗೆಗೆ ಉಪ್ಪು ಸರಿಯಾಗಿ ಬಿದ್ದಿದೆಯಾ, ತಲೆ ಬಾಚಿದ್ದಾಳಾ, ಬಂದವರನ್ನ ನಗುತ್ತಾ ಮಾತಾಡಿಸಿದಳಾ, ಮಗು ಅತ್ತಾಗ ಎದ್ದು ಹೋದಳಾ. ಜಾಸ್ತಿ ನಗಲೂಬಾರದು. ಚೆನ್ನಾಗಿ ಸೀರೆ ಉಟ್ಟರೆ ಇವಳಿಗ್ಯಾಕೆ ಈಗ ಇಷ್ಟು ಅಲಂಕಾರ ಅನ್ನುತ್ತಾರೆ, ಉಡದಿದ್ದರೆ ಇನ್ನೂ ಸರಿಯಾಗಿಲ್ಲ ಪಾಪ ಅನ್ನುತ್ತಾರೆ. ಸುಮ್ಮನೆ ಕೂತರೆ ಮಂಕು, ಮಾತಾಡಿದರೆ ಅತಿ. ಕೋಪವಂತೂ ಬರಲೇಬಾರದು. ಬೇರೆ ಹೆಂಗಸಿಗೆ ಬಂದರೆ ಅದು ಕೋಪ, ಇವಳಿಗೆ ಬಂದರೆ ಅದು ಮತ್ತೆ ಶುರುವಾಯ್ತು.

ತ್ರಿವೇಣಿ ಇದನ್ನ ಬರೆಯುವ ರೀತಿ ನನಗೆ ತುಂಬಾ ಹಿಡಿಸಿತು. ಎಲ್ಲೂ ಭಾಷಣ ಇಲ್ಲ. ಸಣ್ಣ ಸಣ್ಣ ಮಾತು, ಅರ್ಧಕ್ಕೆ ನಿಲ್ಲಿಸಿದ ಮಾತು, ಇವಳು ಒಳಗೆ ಬಂದ ಕೂಡಲೇ ಬದಲಾಗುವ ಮಾತು. ಹೆಸರೇ ನೋಡಿ, ಬಾಣಗಳಿಂದ ಮಾಡಿದ ಪಂಜರ. ಭೀಷ್ಮ ಮಲಗಿದ್ದು ಶರಶಯ್ಯೆ, ಕೆಲವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲಿ ಬಾಣ ಮೈಗೆ ನಾಟಿದೆ, ನೋಡಿದವರಿಗೆಲ್ಲ ಕಾಣುತ್ತದೆ, ಯಾರು ಬಿಟ್ಟಿದ್ದು ಅಂತಲೂ ಗೊತ್ತು. ಪಂಜರದಲ್ಲಿ ಒಂದು ಬಾಣವೂ ನಾಟುವುದಿಲ್ಲ, ಸುತ್ತಲೂ ನಿಂತಿರುತ್ತದೆ, ಯಾವ ಕಡೆ ತಿರುಗಿದರೂ ಚುಚ್ಚುತ್ತದೆ. ಗಾಯ ಎಲ್ಲಿ ತೋರಿಸು ಅಂದರೆ ತೋರಿಸಲು ಏನೂ ಇಲ್ಲ.

ಲೈಬ್ರರಿ ಪುಸ್ತಕದ ಒಂದು ಮಜಾ ಅಂದರೆ ಮುಂಚೆ ಓದಿದವರ ಬರಹ. ಈ ಪ್ರತಿಯಲ್ಲಿ ಗಂಡ ಮುಖ ತಿರುಗಿಸುವ ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಪಾಪ ಕಾವೇರಿ’ ಅಂತ ಬರೆದಿದ್ದಾರೆ. ಅದರ ಕೆಳಗೆ ನೀಲಿ ಇಂಕಿನಲ್ಲಿ, ಒತ್ತಿ ಒತ್ತಿ, ‘ಗಂಡನದೇನು ತಪ್ಪು?’ ಹಾಳೆಯ ಹಿಂದಕ್ಕೂ ಮೂಡಿದೆ ಆ ಅಕ್ಷರ. ನಾನು ಆ ಪುಟದಲ್ಲಿ ಕಾದಂಬರಿಗಿಂತ ಜಾಸ್ತಿ ಹೊತ್ತು ಆ ಎರಡು ಸಾಲನ್ನೇ ನೋಡುತ್ತಾ ಕೂತೆ.

ಗಂಡನದೇನು ತಪ್ಪು ಅನ್ನುವುದಕ್ಕೆ ಕಾದಂಬರಿಯಲ್ಲೇ ಉತ್ತರ ಇದೆ. ಮದುವೆಗೆ ಮುಂಚೆ ಕಾವೇರಿಯ ಬದುಕಲ್ಲಿ ನಡೆದ ಒಂದು ಘಟನೆ, ಯಾರಿಗೂ ಹೇಳದೆ ನುಂಗಿಕೊಂಡಿದ್ದು, ಕಾಯಿಲೆಯ ಹೊತ್ತಿನಲ್ಲಿ ಹೊರಗೆ ಬರುತ್ತದೆ. ಅವಳ ಹಳೆಯ ಗಾಯಕ್ಕೆ ಕ್ಷಮೆ ಇಲ್ಲ, ಅವನ ಈಗಿನ ಸಂಬಂಧಕ್ಕೆ ಮಾತ್ರ ಕಾರಣ ಇದೆ, ಪಾಪ, ಹೆಂಡತಿ ಹೀಗಾದರೆ ಗಂಡಸು ಏನು ಮಾಡಬೇಕು ಹೇಳಿ? ಈ ಮಾತನ್ನ ನಾನು ಮದುವೆ ಮನೆಗಳಲ್ಲಿ, ತಿಥಿ ಊಟದ ಪಂಕ್ತಿಯಲ್ಲಿ, ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅದೇ ಗಂಡಸಿಗೆ ತಲೆ ಸರಿ ಇಲ್ಲದಿದ್ದರೆ ನಮ್ಮವರ ಔಷಧಿ ಏನು? ಮದುವೆ ಮಾಡಿ. ‘ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ’ ಅಂತ ಗಾದೆಯೇ ಇದೆಯಲ್ಲ. ನಗುತ್ತಾ ಹೇಳುವ ಗಾದೆ. ಆ ಗಾದೆಯೊಳಗೆ ಮದುವೆಯಾಗಿ ಬರುವ ಒಬ್ಬ ಹುಡುಗಿ ಇದ್ದಾಳೆ ಅಂತ ನನಗೆ ಹೊಳೆದಿದ್ದು ಈ ಪುಸ್ತಕ ಓದುವಾಗ.

ತ್ರಿವೇಣಿಯವರ ಬಗ್ಗೆ ಎರಡು ಮಾತು. ನಿಜ ಹೆಸರು ಅನಸೂಯಾ ಶಂಕರ್, ಹುಟ್ಟಿದ್ದು 1928. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವರು, ಅದು ಈ ಪುಸ್ತಕದಲ್ಲೂ ಗೊತ್ತಾಗುತ್ತದೆ, ‘ಬೆಕ್ಕಿನ ಕಣ್ಣು’ ಓದಿದವರಿಗೆ ಅಲ್ಲೂ ಗೊತ್ತಾಗಿರುತ್ತದೆ. ಅವರು ಬರೆಯುತ್ತಿದ್ದ ಕಾಲಕ್ಕೆ ನಮ್ಮ ದೇಶದಲ್ಲಿ ಮಾನಸಿಕ ಆಸ್ಪತ್ರೆಗಳನ್ನ ನಡೆಸುತ್ತಿದ್ದ ಕಾನೂನು ಬ್ರಿಟಿಷರ 1912ರ ಕಾಯ್ದೆ, ಅದರ ಹೆಸರಲ್ಲೇ ಹುಚ್ಚು ಅನ್ನುವ ಪದ ಇತ್ತು. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿದ್ದು 1954ರಲ್ಲಿ, ಅದು ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಅಂಥ ಹೊತ್ತಲ್ಲಿ ಒಬ್ಬ ಹೆಂಗಸು, ಹೆಂಗಸರು ಮಧ್ಯಾಹ್ನ ಊಟ ಮುಗಿಸಿ ಓದುವ ಕಾದಂಬರಿಯಲ್ಲಿ, ಇದು ಕಾಯಿಲೆ ಕಣ್ರೀ, ಜ್ವರದ ಹಾಗೆ, ವಾಸಿಯಾಗುತ್ತೆ ಅಂತ ಬರೆದರು. ದೆವ್ವ ಇಲ್ಲ, ಗಾಳಿ ಸೋಕಿದ್ದಿಲ್ಲ, ಹರಕೆ ಇಲ್ಲ. ಅವರು ತೀರಿಕೊಂಡಿದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಬಾಣಂತಿಯ ನೋವು ಬರೆದವರು ಬಾಣಂತಿಯಾಗಿಯೇ ಹೋದರು. ಈ ಸಿನಿಮಾ ಬಂದಾಗ ಅವರು ಇರಲಿಲ್ಲ.

ಸಿನಿಮಾ ಒಳ್ಳೆಯದೋ ಪುಸ್ತಕ ಒಳ್ಳೆಯದೋ ಅಂತ ಕೇಳಿದರೆ ನನ್ನ ಉತ್ತರ ಪುಸ್ತಕ. ಕಲ್ಪನಾ ಅಭಿಮಾನಿಗಳು ಕ್ಷಮಿಸಬೇಕು. ಅವರು ದೊಡ್ಡ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಅಭಿನಯದ ಜೋರಿಗೆ ನಮಗೆ ನೆನಪಲ್ಲಿ ಉಳಿದಿದ್ದು ಕಿರುಚಾಟ ಮತ್ತು ನಗು. ಮಿಮಿಕ್ರಿ ಮಾಡುವವರಿಗೂ ಅದೇ ಸಿಕ್ಕಿತು. ಪುಸ್ತಕದಲ್ಲಿ ಕಾವೇರಿ ಹೊರಗೆ ಕಿರುಚುವುದಕ್ಕಿಂತ ಒಳಗೆ ಯೋಚಿಸುವುದು ಜಾಸ್ತಿ. ಒಳಗಿಂದ ನೋಡಿದರೆ ಅವಳು ನಮ್ಮಷ್ಟೇ ಸರಿ ಇದ್ದಾಳೆ. ನೋಡುವವರು ಹೊರಗೆ ನಿಂತಿದ್ದಾರೆ ಅಷ್ಟೇ.

ಈಗ ನನ್ನ ನಿದ್ದೆ ಕೆಟ್ಟ ವಿಷಯಕ್ಕೆ ಬರುತ್ತೇನೆ.

ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಕೆಲವು ವರ್ಷಗಳ ಹಿಂದೆ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗು ಹುಟ್ಟಿ ಹತ್ತು ದಿನಕ್ಕೆ ಅವಳಿಗೆ ನಿದ್ದೆಯೇ ಬರದ ಹಾಗಾಯಿತು. ಎಲ್ಲ ಬಾಣಂತಿಯರಿಗೂ ನಿದ್ದೆ ಇರಲ್ಲ ಬಿಡು ಅಂದೆವು. ಆಮೇಲೆ ಒಂದು ಬೆಳಗ್ಗೆ, ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ ಅಂದಳು. ಮೆಲ್ಲಗೆ, ತುಂಬಾ ಸಹಜವಾಗಿ, ಹಾಲು ಒಡೆದಿದೆ ಅನ್ನುವ ಹಾಗೆ. ಅಜ್ಜಿ ‘ಬಾಣಂತಿ ಸನ್ನಿ’ ಅಂದರು. ಅಜ್ಜಿಯ ಬಾಯಲ್ಲಿ ಆ ಪದ ಇತ್ತಲ್ಲ, ಅದೇ ಪುಣ್ಯ, ಮಂತ್ರ ಗಿಂತ್ರ ಅಂತ ಹೊತ್ತು ಕಳೆಯದೆ ಅವತ್ತೇ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹೇಳಿದ್ದು ನೆನಪಿದೆ: ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ, ಇದು ತುರ್ತು ಕಾಯಿಲೆ, ಆದರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ. ವಾಸಿಯೂ ಆಯಿತು. ವಾರಗಳು ಹಿಡಿಯಿತು, ಮನೆಗೆ ಬಂದಳು, ಮಗು ಎತ್ತಿಕೊಂಡಳು.

ಅವಳು ಬರುವ ಹಿಂದಿನ ದಿನ ಮನೆಯಲ್ಲಿ ನಾವೆಲ್ಲ ಸೇರಿ ಒಂದು ಕೆಲಸ ಮಾಡಿದೆವು. ಚಾಕು, ಕತ್ತರಿ, ಈಳಿಗೆಮಣೆ ಎಲ್ಲ ಎತ್ತಿಟ್ಟೆವು. ಈಳಿಗೆಮಣೆಯನ್ನ ಅಟ್ಟದ ಮೇಲೆ, ಹಳೇ ಕೊಪ್ಪರಿಗೆಯ ಹಿಂದೆ ಇಟ್ಟಿದ್ದು ನಾನು. ಆಗ ಅದು ಜಾಗ್ರತೆ ಅಂತಲೇ ಅನಿಸಿತ್ತು. ಈಗಲೂ ಪೂರ್ತಿ ತಪ್ಪು ಅನ್ನಲಾರೆ, ಮೊದಮೊದಲು ಹುಷಾರಾಗಿರಿ ಅಂತ ಆಸ್ಪತ್ರೆಯಲ್ಲೂ ಹೇಳಿದ್ದರು. ಆದರೆ ಅವಳಿಗೆ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಮೂರನೇ ದಿನ ಅಕ್ಕ ಹುರುಳಿಕಾಯಿ ಹೆಚ್ಚಲು ಕೂತಳು. ಮೂಲೆ ನೋಡಿದಳು, ಕಟ್ಟೆಯ ಕೆಳಗೆ ನೋಡಿದಳು, ‘ಈಳಿಗೆಮಣೆ ಎಲ್ಲಿ?’ ಅಂದಳು. ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದೆವು. ಒಬ್ಬರೂ ಉಸಿರೆತ್ತಲಿಲ್ಲ. ಕುಕ್ಕರ್ ಕೂಗಿತು. ಅಕ್ಕ ನಮ್ಮ ಮುಖವನ್ನೆಲ್ಲ ಒಂದು ಸುತ್ತು ನೋಡಿದಳು, ಮತ್ತೆ ಕೇಳಲಿಲ್ಲ. ಹುರುಳಿಕಾಯಿಯನ್ನ ಕೈಯಲ್ಲೇ, ಒಂದೊಂದನ್ನೂ ಒಂದೇ ಅಳತೆಗೆ, ಪಟ್ ಪಟ್ ಅಂತ ಮುರಿದು ಹಾಕಿದಳು. ಇಡೀ ಒಂದು ಕಿಲೋ.

ಆಮೇಲೆ ಎರಡು ವರ್ಷ ಆ ಮನೆಯಲ್ಲಿ ಅವಳು ದನಿ ಎತ್ತಿದರೆ ಯಾರಾದರೊಬ್ಬರು ಕೇಳುತ್ತಿದ್ದ ಮಾತು, ‘ಮಾತ್ರೆ ತಗೊಂಡ್ಯಾ?’ ಮಗುವಿಗೆ ಯಾಕೆ ಸಕ್ಕರೆ ಹಾಕಿದಿರಿ ಅಂತ ಕೇಳಿದರೂ ಮಾತ್ರೆ ತಗೊಂಡ್ಯಾ. ಭಾವ ವಾರಕ್ಕೊಮ್ಮೆ ಬರುತ್ತೇನೆ ಅಂದವರು ತಿಂಗಳಿಗೊಮ್ಮೆ ಬಂದು, ಯಾಕೆ ಅಂತ ಇವಳು ಕೇಳಿದಾಗಲೂ ಅದೇ. ಅವಳ ಸಿಟ್ಟಿಗೆ ಕಾರಣ ಇತ್ತು. ಕಾರಣ ಕೇಳುವವರು ಇರಲಿಲ್ಲ. ಕಾದಂಬರಿಯಲ್ಲಿ ಕಾವೇರಿಯ ಸುತ್ತ ನಿಂತಿರುವ ಜನರನ್ನ ಓದುವಾಗ ನಾನು ಹಲ್ಲು ಕಡಿಯುತ್ತಿದ್ದೆ, ಎಂಥ ಜನ ಇವರು ಅಂತ. ಮೂರನೇ ರಾತ್ರಿ ನೆನಪಾಯಿತು, ಅಟ್ಟದ ಮೇಲಿನ ಕೊಪ್ಪರಿಗೆ.

ಈ ಕಾದಂಬರಿಯಲ್ಲಿ ದುಃಖ ಅಂದರೆ ಏನು ಅಂತಲೂ ಆಗ ಹೊಳೆಯಿತು. ಯಾರೂ ಸತ್ತಿಲ್ಲವಲ್ಲ. ಸಾವಾದರೆ ಜನ ಬರುತ್ತಾರೆ, ಹದಿಮೂರು ದಿನ ಯಾರೋ ಅಡುಗೆ ಮಾಡುತ್ತಾರೆ, ಅಳಲು ಬಿಡುತ್ತಾರೆ, ವರ್ಷಕ್ಕೊಂದು ತಿಥಿ ಇದೆ. ಕಾವೇರಿ ಕಳಕೊಂಡಿದ್ದು ಮಗುವಿನ ಮೊದಲ ದಿನಗಳನ್ನ, ಗಂಡ ಮುಂಚೆ ನೋಡುತ್ತಿದ್ದ ನೋಟವನ್ನ, ಈ ಮನೆ ನನ್ನದು ಅನ್ನುವ ಸಲಿಗೆಯನ್ನ. ಇದಕ್ಕೆ ಸೂತಕ ಇಲ್ಲ, ಅಳುವ ಹಾಗೂ ಇಲ್ಲ. ಅತ್ತರೆ ಮಾತ್ರೆ ತಗೊಂಡ್ಯಾ.

ಇಷ್ಟೆಲ್ಲ ಹೊಗಳಿದೆ ಅಂತ ಕುಂದೇ ಇಲ್ಲ ಅಂದುಕೊಳ್ಳಬೇಡಿ. ಕಾಯಿಲೆಗೆ ಕಾರಣ ಹಳೆಯ ಒಂದು ಘಟನೆ, ಒಳಗೆ ಅದುಮಿಟ್ಟ ತಪ್ಪಿತಸ್ಥ ಭಾವನೆ ಅನ್ನುವ ವಿವರಣೆ ಆ ಕಾಲದ್ದು. ಮನಸ್ಸಿನ ಕಾಯಿಲೆ ಅಂದರೆ ಬಚ್ಚಿಟ್ಟ ಗುಟ್ಟು ಇರಲೇಬೇಕು ಅನ್ನುವ ಹಾಗೆ. ಇವತ್ತು ಹೆರಿಗೆಯ ನಂತರ ದಿಢೀರನೆ ಇಳಿಯುವ ಹಾರ್ಮೋನು, ನಿದ್ದೆಗೇಡು, ಮನೆತನದಲ್ಲಿ ಮುಂಚೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ, ಕೆಲವು ಕಾಲ ಅತಿ ಬೇಸರಕ್ಕೆ ಹೋಗುವುದು) ಇತ್ತಾ ಅನ್ನುವುದು, ಇದನ್ನೆಲ್ಲ ನೋಡುತ್ತಾರೆ. ಅಕ್ಕನಿಗೆ ಯಾವ ಗುಟ್ಟೂ ಇರಲಿಲ್ಲ. ಆದರೂ ‘ಏನೋ ಮನಸ್ಸಲ್ಲಿ ಇಟ್ಟುಕೊಂಡಿದ್ದಳು ಅನಿಸುತ್ತೆ’ ಅಂದ ನೆಂಟರು ಇದ್ದರು, ಅವರಲ್ಲಿ ಅರ್ಧ ಜನ ಸಿನಿಮಾ ನೋಡಿ ಕಲಿತವರೇ ಇರಬೇಕು. ಇನ್ನೊಂದು, ಗಂಡನ ಮನಸ್ಸಿನೊಳಗೆ ಲೇಖಕಿ ಕಾವೇರಿಯ ಮನಸ್ಸಿನೊಳಗೆ ಹೋದಷ್ಟು ಹೋಗುವುದಿಲ್ಲ. ಅವನಿಗೂ ಭಯ ಇತ್ತಾ, ನಾಚಿಕೆ ಇತ್ತಾ? ಅದು ಇನ್ನಷ್ಟು ಸಿಕ್ಕಿದ್ದರೆ ನೀಲಿ ಇಂಕಿನವರಿಗೂ ಉತ್ತರ ಸಿಗುತ್ತಿತ್ತೇನೋ. ಅಲ್ಲಲ್ಲಿ ಮಾತುಕತೆ ನಾಟಕದ ಹಾಗೆ ಕೇಳಿಸುತ್ತದೆ, ಅದು ಆ ಕಾಲದ ಜನಪ್ರಿಯ ಕಾದಂಬರಿಯ ಧಾಟಿ, ಹತ್ತು ಪುಟ ಆದ ಮೇಲೆ ಕಿವಿಗೆ ಒಗ್ಗುತ್ತದೆ.

ಕೊನೆಯ ಬಗ್ಗೆ ನನಗೆ ಇನ್ನೂ ಜಗಳ ಇದೆ. ಅವಳನ್ನ ವಾಪಸ್ ಆಸ್ಪತ್ರೆಗೆ ಕಳಿಸಬೇಕಿತ್ತಾ? ಬೇರೆ ದಾರಿಯೇ ಇರಲಿಲ್ವಾ? ಓದಿದವಳು, ಕೆಲಸ ಹುಡುಕಬಹುದಿತ್ತು, ಬೇರೆ ಮನೆ ಮಾಡಬಹುದಿತ್ತು ಅಂತ ಈಗ ಕೂತು ಹೇಳುವುದು ಸುಲಭ. ಮೊದಲ ಸಲ ಓದಿದಾಗ ಲೇಖಕಿ ಕೈಬಿಟ್ಟರು ಅನಿಸಿತು. ಎರಡನೇ ಸಲ ಕೊನೆಯ ಭಾಗ ಮಾತ್ರ ಓದಿದೆ, ಆಗ ಬೇರೆ ಕಂಡಿತು. ಅವಳನ್ನ ನಂಬಿದ ಜಾಗ ಇಡೀ ಕಾದಂಬರಿಯಲ್ಲಿ ಅದೊಂದೇ. ಹುಚ್ಚಾಸ್ಪತ್ರೆಯಲ್ಲಿ ಅವಳು ರೋಗಿ, ಅಷ್ಟೇ. ಮನೆಯಲ್ಲಿ ಅವಳು ಹುಚ್ಚಿ.

ಯಾರು ಓದಬೇಕು, ಯಾರು ಬೇಡ? ಹೊಸದಾಗಿ ಹೆತ್ತವರು, ಈಗಷ್ಟೇ ಇಂಥ ಕಾಯಿಲೆಯಿಂದ ಎದ್ದವರು ದಯವಿಟ್ಟು ಸ್ವಲ್ಪ ದಿನ ಬಿಟ್ಟು ಓದಿ. ಕೊನೆ ನೋಡಿ ನನ್ನದೂ ಹೀಗೇ ಆಗುತ್ತೆ ಅನಿಸಬಹುದು, ಹಾಗೇನಿಲ್ಲ. ಆಗಿಗೂ ಈಗಿಗೂ ವ್ಯತ್ಯಾಸ ಇದೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಒಟ್ಟಿಗೆ ಇರುವ ವಾರ್ಡೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ ಬರೆದಿದ್ದಾರೆ. ರಾತ್ರಿ ಹೊತ್ತು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡಂದಿರು ಮಾತ್ರ ಕಾಯಬೇಡಿ, ಇವತ್ತೇ ಓದಿ. ಬಾಣಂತನ ಮಾಡುವ ಮನೆಯವರೂ. ಐದಕ್ಕೆ ಎಷ್ಟು ಸ್ಟಾರ್ ಅಂದರೆ ನಾಲ್ಕೂವರೆ, ಅರ್ಧ ಕಡಿಮೆ ಮಾಡಿದ್ದು ಆ ಗಂಡನ ಪಾತ್ರಕ್ಕೆ.

ಅಕ್ಕನಿಗೆ ಇದನ್ನ ಕೊಡಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ಕೊಡದೆ ಬಚ್ಚಿಟ್ಟರೆ ಅದೂ ಈಳಿಗೆಮಣೆಯೇ ಆಯಿತಲ್ಲ ಅನಿಸಿತು. ಈಗ ಅವಳು ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ, ಮಗ ಶಾಲೆಗೆ ಹೋಗುತ್ತಾನೆ. ಹಬ್ಬಕ್ಕೆ ಬಂದಾಗ ಕೊಟ್ಟೆ. ಏನೂ ಹೇಳದೆ ಚೀಲಕ್ಕೆ ಹಾಕಿಕೊಂಡಳು. ಹತ್ತು ದಿನ ಬಿಟ್ಟು ಫೋನ್ ಮಾಡಿ, ಅದೂ ಇದೂ ಮಾತಾಡಿ, ಇಡುವ ಮುಂಚೆ ಕೇಳಿದಳು, ‘ಈಳಿಗೆಮಣೆ ಅಟ್ಟದ ಮೇಲಿಟ್ಟಿದ್ದು ನೀನೇ ತಾನೇ?’

ನನಗೆ ಗಂಟಲು ಕಟ್ಟಿತು. ಹೂಂ ಅಂದೆ.

‘ಗೊತ್ತಿತ್ತು ಬಿಡು. ಆ ಎತ್ತರ ಮನೆಯಲ್ಲಿ ಇನ್ಯಾರಿಗೆ ಎಟುಕಬೇಕು’ ಅಂದಳು.

ಪುಸ್ತಕ ಇನ್ನೂ ಅವಳ ಹತ್ತಿರವೇ ಇದೆ. ಲೈಬ್ರರಿಯ ದಂಡ ನಾನು ಕಟ್ಟುತ್ತಿದ್ದೇನೆ.